ಯಾರೂ ತಿರುಗಿ ನೋಡದ ಪುಟ: ಲೈನ್ ರಿಲೇಯ ಜನರಲ್ ಸೆಟ್ಟಿಂಗ್

(ಸಬ್‌ಸ್ಟೇಷನ್ ಕೆಲಸಕ್ಕೆ ಹೊಸದಾಗಿ ಬಂದ ಎಂಜಿನಿಯರ್‌ಗಳ ಮುಂದೆ ಮಾತಾಡಿದ್ದನ್ನು ಇಲ್ಲಿ ಬರೆದಿದ್ದೇನೆ. ಬೋರ್ಡಿನ ಮೇಲೆ ಹಾಕಿದ ಲೆಕ್ಕಗಳನ್ನು ಮಾತಿಗೆ ಇಳಿಸಿದ್ದೇನೆ. ಉಳಿದದ್ದು ಹೆಚ್ಚುಕಮ್ಮಿ ಆಡಿದ ಹಾಗೇ ಇದೆ. ಲೈನಿನಲ್ಲಿ ಫಾಲ್ಟ್, ಅಂದರೆ ದೋಷ, ಆದರೆ ಅದನ್ನು ಗುರುತಿಸಿ, ಲೈನನ್ನು ಕಡಿಯುವ ಬ್ರೇಕರ್ ಸ್ವಿಚ್ಚಿಗೆ ಆಜ್ಞೆ ಕೊಡುವ ಪೆಟ್ಟಿಗೆಯೇ ರಿಲೇ. ಹಾಗೆ ಲೈನ್ ಕಡಿದುಹೋಗುವುದೇ ಟ್ರಿಪ್.)

ಮಳೆಗಾಲದ ಒಂದು ರಾತ್ರಿ ಮಲೆನಾಡಿನ ಕಡೆಯ ಒಂದು ಸಬ್‌ಸ್ಟೇಷನ್ನಿನಿಂದ ಎಇ (ಅಸಿಸ್ಟೆಂಟ್ ಎಂಜಿನಿಯರ್) ಫೋನ್ ಮಾಡಿದರು. “ಸಾರ್, 220 ಕೆವಿ ಲೈನ್ ಟ್ರಿಪ್ ಆಗಿದೆ. ರಿಲೇ 61ನೇ ಕಿಲೋಮೀಟರಲ್ಲಿ ಫಾಲ್ಟ್ ಅಂತ ತೋರಿಸ್ತಿದೆ.”

“ಸರಿ, ಗ್ಯಾಂಗ್ ಕಳಿಸಿ” ಅಂದೆ, ನಿದ್ದೆಗಣ್ಣಲ್ಲಿ.

“ಎಲ್ಲಿಗೆ ಕಳಿಸ್ಲಿ ಸಾರ್? ನಮ್ಮ ಲೈನೇ ಇರೋದು 34 ಕಿಲೋಮೀಟರು.”

ನಿದ್ದೆ ಹಾರಿಹೋಯಿತು. ಆ ರಿಲೇಗೆ ಸೆಟ್ಟಿಂಗ್ ಹಾಕಿದ್ದು ನಾನೇ.

ಆ ಲೈನ್ ಮೊದಲು 80 ಕಿ.ಮೀ. ಇತ್ತು. ನಡುವೆ ಒಂದು ಹೊಸ ಸಬ್‌ಸ್ಟೇಷನ್ ಬಂತು. ಲೈನನ್ನು ಕತ್ತರಿಸಿ ಅದರೊಳಗೆ ತಂದು, ಮತ್ತೆ ಹೊರಗೆ ತೆಗೆದುಕೊಂಡು ಹೋದರು. ಇದಕ್ಕೆ ನಾವೆಲ್ಲ ಲಿಲೊ ಅಂತೀವಿ. ನಮ್ಮ ಕಡೆಗೆ ಉಳಿದದ್ದು 34 ಕಿ.ಮೀ. ನಾನು ಹೊಸ ಇಂಪೀಡೆನ್ಸ್ (ಕರೆಂಟಿಗೆ ಲೈನ್ ಒಡ್ಡುವ ತಡೆ, ಅಳತೆ ಓಮ್‌ನಲ್ಲಿ) ಲೆಕ್ಕ ಹಾಕಿದೆ. ರಿಲೇ ಎಷ್ಟು ದೂರದವರೆಗೆ ಕಾಯಬೇಕು ಅನ್ನುವ ಝೋನ್ 1, 2, 3 ಮೂರನ್ನೂ ಬದಲಿಸಿದೆ (ಝೋನ್ 1 ತಕ್ಷಣ ಟ್ರಿಪ್ ಕೊಡುತ್ತದೆ, ಉಳಿದವು ಸ್ವಲ್ಪ ಕಾದು ಕೊಡುತ್ತವೆ). ಟೆಸ್ಟ್ ಕಿಟ್ ಹಚ್ಚಿ ನೋಡಿದೆ, ಎಲ್ಲ ಪಾಸ್. ಜನರಲ್ ಸೆಟ್ಟಿಂಗ್ ಪುಟದಲ್ಲಿ ಲೈನಿನ ಉದ್ದ ಅಂತ ಒಂದು ಸಾಲಿತ್ತು. ಅದು ಮಾತ್ರ 80 ಆಗಿಯೇ ಉಳಿದಿತ್ತು.

ಟ್ರಿಪ್ ಕೊಡಲು ಡಿಸ್ಟೆನ್ಸ್ ರಿಲೇಗೆ (ಓಮ್ ಅಳೆದು ಫಾಲ್ಟಿನ ದೂರ ತಿಳಿಯುವ ಇಂಥ ಲೈನ್ ರಿಲೇಗೆ) ಕಿಲೋಮೀಟರ್ ಬೇಕಿಲ್ಲ, ಓಮ್ ಸಾಕು. ಹಾಗಾಗಿ ಲೈನಿನ ರಕ್ಷಣೆಗೆ ಏನೂ ಆಗಿರಲಿಲ್ಲ. ಆದರೆ ಫಾಲ್ಟ್ ಎಲ್ಲಿದೆ ಅಂತ ಹೇಳುವಾಗ ರಿಲೇ ಬೇರೆ ಲೆಕ್ಕ ಮಾಡುತ್ತದೆ. ಲೈನಿನ ಒಟ್ಟು ಇಂಪೀಡೆನ್ಸಿನಲ್ಲಿ ಫಾಲ್ಟ್ ಎಷ್ಟನೇ ಪಾಲಿನಲ್ಲಿದೆ ಅಂತ ಕಂಡುಕೊಂಡು, ಅದನ್ನು ಉದ್ದದಿಂದ ಗುಣಿಸುತ್ತದೆ. ನಾನು ಫೋನಿನಲ್ಲೇ ಭಾಗಾಕಾರ ಮಾಡಿದೆ. 61 ಭಾಗಿಸು 80, ಗುಣಿಸು 34. ಹತ್ತಿರ ಹತ್ತಿರ 26. “26ನೇ ಕಿಲೋಮೀಟರಿನ ಆಚೆ ಈಚೆ ಎರಡೆರಡು ಟವರ್ ನೋಡಿ” ಅಂದೆ. ಬೆಳಗ್ಗೆ ಅಲ್ಲೇ ಒಂದು ಬಿದಿರು ಮೆಳೆ ಕಂಡಕ್ಟರ್ ಕಡೆಗೆ ವಾಲಿದ್ದು ಸಿಕ್ಕಿತು.

61 ಅಂತ ತೋರಿಸಿದ್ದು ನಮ್ಮ ಅದೃಷ್ಟ. ಎರಡು ತಿಂಗಳ ಹಿಂದೆ ಇದೇ ರಿಲೇ ಇನ್ನೊಂದು ಫಾಲ್ಟಿಗೆ 28 ಅಂತ ತೋರಿಸಿತ್ತು. 34ರೊಳಗೆ 28 ಇರಬಹುದಲ್ವಾ? ಗ್ಯಾಂಗಿನವರು ಜಿಗಣೆ ಕಚ್ಚಿಸಿಕೊಂಡು ಎರಡು ದಿನ ಅಲ್ಲಿ ಅಲೆದಿದ್ದರು. ಏನೂ ಸಿಗದೆ ಲಾಗ್‌ಬುಕ್ಕಿನಲ್ಲಿ ‘ತಾತ್ಕಾಲಿಕ ಫಾಲ್ಟ್’ ಅಂತ ಬರೆದು ಮುಗಿಸಿದ್ದರು. ನಿಜವಾದ ಜಾಗ 12ನೇ ಕಿಲೋಮೀಟರಿನ ಹತ್ತಿರ ಇತ್ತು. ನಂಬುವಂತಿರುವ ತಪ್ಪು ಅಂಕಿ ಇದೆಯಲ್ಲ, ಅದು ಹುಚ್ಚು ಅಂಕಿಗಿಂತ ಕೆಟ್ಟದ್ದು.

ಇವತ್ತು ನಾನು ಝೋನ್ ಲೆಕ್ಕ ಹೇಳಿಕೊಡುವುದಿಲ್ಲ. ಅದಕ್ಕೆ ಪುಸ್ತಕಗಳಿವೆ, ನಿಮ್ಮ ಮೇಷ್ಟ್ರುಗಳಿದ್ದಾರೆ. ಝೋನ್ ಲೆಕ್ಕವನ್ನು ಒಬ್ಬರು ಹಾಕುತ್ತಾರೆ, ಇನ್ನೊಬ್ಬರು ನೋಡುತ್ತಾರೆ, ಮೇಲಿನವರು ಸಹಿ ಹಾಕುತ್ತಾರೆ. ಆದರೆ ಸಾಫ್ಟ್‌ವೇರ್ ತೆರೆದ ಕೂಡಲೇ ಬರುವ ಜನರಲ್ ಸೆಟ್ಟಿಂಗ್ ಪುಟವನ್ನು ಎಲ್ಲರೂ ‘ನೆಕ್ಸ್ಟ್, ನೆಕ್ಸ್ಟ್’ ಅಂತ ದಾಟಿಬಿಡುತ್ತೇವೆ. ಡಬ್ಬದಿಂದ ತೆಗೆದ ಹೊಸ ರಿಲೇಗೆ ತಾನು ಯಾವ ಊರಿನಲ್ಲಿದ್ದೇನೆ, ಯಾವ ಲೈನ್ ಕಾಯುತ್ತಿದ್ದೇನೆ, ಈಗ ಗಂಟೆ ಎಷ್ಟು, ಏನೂ ಗೊತ್ತಿರುವುದಿಲ್ಲ. ಅದನ್ನೆಲ್ಲ ನಾವು ಹೇಳಿಕೊಡುವುದು ಆ ಪುಟದಲ್ಲಿ.

ಹಳೇ ಕಾಲದಲ್ಲಿ ಈ ಪುಟವೇ ಇರಲಿಲ್ಲ. ಗಾಜಿನ ಮುಚ್ಚಳದೊಳಗೆ ತಿರುಗುವ ಬಟ್ಟಲು, ಸ್ಪ್ರಿಂಗು, ಒಂದಿಷ್ಟು ಪ್ಲಗ್ಗು. ಅವನ್ನು ಮೋ ರಿಲೇ ಅಂತಿದ್ದೆವು. ಓಮ್ ಅನ್ನೋದನ್ನು ಇಂಗ್ಲಿಷಿನಲ್ಲಿ ಹಿಂದುಮುಂದಾಗಿ ಬರೆದರೆ ಮೋ ಆಗುತ್ತದೆ, ಅಷ್ಟೇ ಅದರ ಗುಟ್ಟು. ಆ ರಿಲೇಗೆ ಹೆಸರು ಬೇಕಿರಲಿಲ್ಲ, ಗಡಿಯಾರ ಬೇಕಿರಲಿಲ್ಲ. 1984ರಲ್ಲಿ ಅಮೆರಿಕದ ಪುಲ್‌ಮನ್ ಅನ್ನುವ ಊರಿನಿಂದ ಎಡ್ಮಂಡ್ ಶ್ವೈಟ್ಜರ್ ಅವರ ಕಂಪನಿ ಮೈಕ್ರೋಪ್ರೊಸೆಸರ್ ಇರುವ ಡಿಸ್ಟೆನ್ಸ್ ರಿಲೇಯನ್ನು ಮಾರುಕಟ್ಟೆಗೆ ತಂದಿತು. ಅಲ್ಲಿಂದ ರಿಲೇ ಅಂದರೆ ಕಂಪ್ಯೂಟರ್. ಈಗ ಒಂದೊಂದರಲ್ಲಿ ನೂರಾರು ಸೆಟ್ಟಿಂಗ್. ನೂರಾರು ಇದ್ದಾಗ ಹತ್ತಿಪ್ಪತ್ತು ಕಣ್ಣು ತಪ್ಪುತ್ತವೆ.

ಸಿಟಿ ರೇಶಿಯೋದಿಂದ ಶುರು ಮಾಡೋಣ. ಲೈನಿನ ದೊಡ್ಡ ಕರೆಂಟನ್ನು ರಿಲೇಗೆ ತಕ್ಕಂತೆ ಇಳಿಸುವ ಟ್ರಾನ್ಸ್‌ಫಾರ್ಮರ್ ಸಿಟಿ, ವೋಲ್ಟೇಜನ್ನು ಇಳಿಸುವುದು ಪಿಟಿ. ಎಷ್ಟು ಪಟ್ಟು ಇಳಿಸುತ್ತವೆ ಅನ್ನೋದೇ ರೇಶಿಯೋ. ಅತಿ ದೊಡ್ಡ ಎಡವಟ್ಟು ಆಗುವುದು ಇಲ್ಲೇ.

ಅದೇ 34 ಕಿ.ಮೀ. ಲೈನ್ ತೆಗೆದುಕೊಳ್ಳಿ. ಇಂಥ 220 ಕೆವಿ ಲೈನಿಗೆ ಕಿ.ಮೀ.ಗೆ ಸುಮಾರು 0.4 ಓಮ್ ರಿಯಾಕ್ಟೆನ್ಸ್ (ಇಂಪೀಡೆನ್ಸಿನ ದೊಡ್ಡ ಪಾಲು) ಬರುತ್ತದೆ. ಒಟ್ಟು 13.6 ಓಮ್. ಇದು ಪ್ರೈಮರಿ, ಅಂದರೆ ಲೈನಿನ ಕಡೆಯ ಲೆಕ್ಕ. ಆದರೆ ರಿಲೇ ಕಣ್ಣಿಗೆ ಬೀಳುವುದು ಸಿಟಿ, ಪಿಟಿಗಳ ಸೆಕೆಂಡರಿ, ಅಂದರೆ ಇಳಿಸಿದ ಕಡೆ. ಸಿಟಿ 800/1, ಪಿಟಿ 220 ಕೆವಿಗೆ 110 ವೋಲ್ಟ್, ಅಂದರೆ 2000. 13.6 ಅನ್ನು 800ರಿಂದ ಗುಣಿಸಿ 2000ದಿಂದ ಭಾಗಿಸಿ. 5.44 ಓಮ್. ಝೋನ್ 1 ಅದರ ಶೇ. 80, ಅಂದರೆ 4.35.

ಈಗ ಯಾರ್ಡಿನಲ್ಲಿ ಸಿಟಿಯ ಟ್ಯಾಪ್ (ರೇಶಿಯೋ ಆರಿಸುವ ಜೋಡಣೆ) 400/1ರಲ್ಲಿ ಇದೆ, ರಿಲೇಗೆ ಮಾತ್ರ 800 ಅಂತ ಹೇಳಿದ್ದೀರಿ ಅಂದುಕೊಳ್ಳಿ. ಆಗ ಲೈನ್ ಪೂರ್ತಿ ರಿಲೇಗೆ ಕಾಣುವುದು 2.72 ಓಮ್ ಆಗಿ. 4.35ರ ಝೋನ್ 1 ಲೈನಿನ ಶೇ. 160ರವರೆಗೆ ಕೈ ಚಾಚುತ್ತದೆ. ಆಚೆ ಊರಿನ ಸಬ್‌ಸ್ಟೇಷನ್ ದಾಟಿ, ಇನ್ನೂ 20 ಕಿ.ಮೀ. ದೂರದ ಪಕ್ಕದ ಲೈನಿನ ಫಾಲ್ಟಿಗೆ ನಿಮ್ಮ ಬ್ರೇಕರ್ ಒಂದು ಕ್ಷಣವೂ ಕಾಯದೆ ಬಿಚ್ಚಿಕೊಳ್ಳುತ್ತದೆ. ತಿರುಗುಮುರುಗಾದರೆ? ಟ್ಯಾಪ್ 800, ರಿಲೇಯಲ್ಲಿ 400. ಆಗ ಝೋನ್ 1 ಲೈನಿನ ಶೇ. 40ಕ್ಕೇ ನಿಂತುಬಿಡುತ್ತದೆ. ಲೈನಿನ ನಟ್ಟನಡುವೆ ಆದ ಫಾಲ್ಟು ಕೂಡ ಝೋನ್ 2ರ ಸಮಯದವರೆಗೆ ಉರಿಯುತ್ತಲೇ ಇರುತ್ತದೆ.

ಟೆಸ್ಟ್ ಕಿಟ್ಟಿನಲ್ಲಿ ಇದು ಸಿಗುವುದಿಲ್ವಾ ಅಂತ ಕೇಳುತ್ತೀರಿ. ಸಿಗುವುದಿಲ್ಲ! ಕಿಟ್ಟಿಗೂ ನೀವು ಅದೇ ತಪ್ಪು ರೇಶಿಯೋ ಕೊಟ್ಟಿರುತ್ತೀರಿ. ತಪ್ಪು ಪ್ರಶ್ನೆಗೆ ಅದಕ್ಕೆ ಹೊಂದುವ ತಪ್ಪು ಉತ್ತರ ಬಂದು ರಿಪೋರ್ಟಿನಲ್ಲಿ ‘ಪಾಸ್’ ಅಂತ ಹಸಿರು ಅಕ್ಷರ ಬೀಳುತ್ತದೆ. ಸಿಟಿಯ ಡಬ್ಬ ಬಿಚ್ಚಿ, ಯಾವ ಟರ್ಮಿನಲ್ಲಿಗೆ ವೈರ್ ಕಟ್ಟಿದ್ದಾರೆ ಅಂತ ಕಣ್ಣಾರೆ ನೋಡಿ ಬರಬೇಕು. ಬಿಸಿಲು, ಏಣಿ, ಎಲ್‌ಸಿ (ಲೈನ್ ಕ್ಲಿಯರ್, ಕರೆಂಟ್ ತೆಗೆಸಿ ಕೆಲಸ ಮಾಡಲು ಅನುಮತಿ) ತಗೊಳ್ಳೋ ರಗಳೆ, ಎಲ್ಲ ಇದೆ. ಆದರೂ ಹೋಗಿ.

ಇನ್ನೊಂದು ಗೊಂದಲ. ಕೆಲವು ಕಂಪನಿಯ ರಿಲೇಗಳು ಓಮ್ ಅನ್ನು ಪ್ರೈಮರಿಯಲ್ಲಿ ಕೇಳುತ್ತವೆ, ಕೆಲವು ಸೆಕೆಂಡರಿಯಲ್ಲಿ. ಪಿಟಿ ವೋಲ್ಟೇಜನ್ನು ಒಂದು ಫೇಸಿನಿಂದ ಫೇಸಿಗೆ 110 ಅಂತ ಕೇಳಿದರೆ, ಇನ್ನೊಂದು ಫೇಸಿನಿಂದ ನ್ಯೂಟ್ರಲ್‌ಗೆ 63.5 ಅಂತ ಕೇಳುತ್ತದೆ. ಒಂದು ಕಂಪನಿಯ ಹಾಳೆಯನ್ನು ಇನ್ನೊಂದು ಕಂಪನಿಯ ರಿಲೇಗೆ ಸುಮ್ನೆ ನಕಲು ಮಾಡಿದಿರೋ, 1.73 ಪಟ್ಟು ತಪ್ಪಿತು ಲೆಕ್ಕ.

ಸಿಟಿಯ ಸ್ಟಾರ್ ಪಾಯಿಂಟ್ (ಮೂರು ಫೇಸಿನ ಸಿಟಿ ವೈರುಗಳು ಕೂಡುವ ಜಾಗ) ಎಲ್ಲಿ ಕಟ್ಟಿದ್ದಾರೆ, ಲೈನ್ ಕಡೆಗೋ ಬಸ್ (ಸಬ್‌ಸ್ಟೇಷನ್ನಿನ ಲೈನುಗಳೆಲ್ಲ ಬಂದು ಸೇರುವ ಕಂಬಿ) ಕಡೆಗೋ, ಇದೂ ಈ ಪುಟದಲ್ಲೇ ಬರುತ್ತದೆ. ಇದು ತಿರುವುಮುರುವಾದರೆ ರಿಲೇ ಬೆನ್ನು ತಿರುಗಿಸಿ ನಿಂತ ಕಾವಲುಗಾರನ ಹಾಗೆ. ಮುಂದೆ ಕಳ್ಳ ಬಂದರೆ ಕಾಣುವುದಿಲ್ಲ, ಹಿಂದೆ ಮನೆಯವರು ಓಡಾಡಿದರೆ ಕೂಗಾಡುತ್ತಾನೆ. ಇದನ್ನು ಹಿಡಿಯುವುದು ಹೇಗೆ ಅಂತ ಕೊನೆಗೆ ಹೇಳುತ್ತೇನೆ.

ಫ್ರೀಕ್ವೆನ್ಸಿ ಸಾಲಿಗೆ ಬರೋಣ. ಅಮೆರಿಕದಲ್ಲಿ ತಯಾರಾದ ರಿಲೇ ಸಾಮಾನ್ಯವಾಗಿ 60 ಹರ್ಟ್ಸ್ ಇಟ್ಟುಕೊಂಡೇ ಡಬ್ಬದಿಂದ ಹೊರಬರುತ್ತದೆ. ನಮ್ಮದು 50. ಅದು ಬದಲಾಗದೆ ಉಳಿದರೆ ರಿಲೇಯ ಅಳತೆ ಕೆಡಬಹುದು, ಅಂಡರ್ ಫ್ರೀಕ್ವೆನ್ಸಿ ಕಾವಲು ಇಟ್ಟಿದ್ದರೆ 50 ಕಂಡ ಕೂಡಲೇ ‘ಅಯ್ಯೋ, ಬಿತ್ತು’ ಅಂತ ಗಾಬರಿಯಾಗಬಹುದು. ಜಪಾನಿನವರ ಪಾಡು ಇನ್ನೂ ಮಜವಾಗಿದೆ. ಅಲ್ಲಿ ಒಂದೇ ದೇಶದಲ್ಲಿ ಎರಡೂ ಇವೆ. 1890ರ ದಶಕದಲ್ಲಿ ಟೋಕಿಯೋದವರು ಜರ್ಮನಿಯಿಂದ 50ರ ಜನರೇಟರ್ ತರಿಸಿದರು, ಒಸಾಕದವರು ಅಮೆರಿಕದಿಂದ 60ರದ್ದು ತರಿಸಿದರು. ಇವತ್ತಿಗೂ ಪೂರ್ವಕ್ಕೆ 50, ಪಶ್ಚಿಮಕ್ಕೆ 60. ನಮಗೆ ಆ ಕಷ್ಟ ಇಲ್ಲ. 2013ರ ಡಿಸೆಂಬರ್ 31ರಂದು ನಮ್ಮ ರಾಯಚೂರಿನಿಂದ ಸೊಲ್ಲಾಪುರಕ್ಕೆ 765 ಕೆವಿ ಲೈನ್ ಚಾರ್ಜ್ ಆದ ಮೇಲಂತೂ ದಕ್ಷಿಣದ ಗ್ರಿಡ್ಡೂ ದೇಶದ ಉಳಿದ ಗ್ರಿಡ್ಡಿನ ಜೊತೆ ಒಂದೇ ತಾಳಕ್ಕೆ ಬಿತ್ತು.

ಫೇಸ್ ರೊಟೇಶನ್, ಅಂದರೆ ಮೂರು ಫೇಸುಗಳ ಸರದಿಯ ಬಗ್ಗೆ ಜಾಸ್ತಿ ಹೇಳಬೇಕಿಲ್ಲ. ರಿಲೇ ಎಬಿಸಿ ಅನ್ನುತ್ತದೆ, ನಾವು ಆರ್-ವೈ-ಬಿ ಅನ್ನುತ್ತೇವೆ. ಸರದಿ ತಪ್ಪಿದರೆ, ಚೆನ್ನಾಗಿ ಹರಿಯುತ್ತಿರುವ ಸಮತೋಲದ ಲೋಡ್ ಕೂಡ ರಿಲೇಗೆ ಪೂರ್ತಿ ನೆಗೆಟಿವ್ ಸೀಕ್ವೆನ್ಸ್ (ಉಲ್ಟಾ ಸರದಿಯ ಕರೆಂಟು, ಅಸಮತೋಲದ ಗುರುತು) ಆಗಿ ಕಾಣುತ್ತದೆ. ಮೀಟರ್ ಪರದೆಯಲ್ಲಿ ಒಂದು ಸಲ ಕಣ್ಣು ಹಾಯಿಸಿದರೆ ಸಾಕು.

ಇಲ್ಲಿ ಒಬ್ಬರು ಕೈ ಎತ್ತಿದರು. “ಸಾರ್, ಸ್ಟೇಷನ್ ಹೆಸರು, ರಿಲೇ ಹೆಸರು ಇವೆಲ್ಲ ಸೆಟ್ಟಿಂಗಾ? ಅದನ್ನ ಬಿಟ್ರೂ ರಿಲೇ ಕೆಲಸ ಮಾಡುತ್ತಲ್ವಾ?”

ಮಾಡುತ್ತದೆ. ಹೆಸರಿಲ್ಲದ ರಿಲೇಯೂ ಟ್ರಿಪ್ ಕೊಡುತ್ತದೆ. ತೊಂದರೆ ಶುರುವಾಗುವುದು ಮಾರನೇ ದಿನ. ದೊಡ್ಡ ಗಲಾಟೆ ಆಗಿ ಏಳೆಂಟು ಲೈನ್ ಒಟ್ಟಿಗೆ ಹೋದವು ಅನ್ನಿ. ಎಲ್ಲ ಕಡೆಯಿಂದ ಡಿಸ್ಟರ್ಬೆನ್ಸ್ ರೆಕಾರ್ಡ್ ಫೈಲುಗಳು (ಫಾಲ್ಟ್ ಹೊತ್ತಿನ ಅಲೆಗಳ ದಾಖಲೆ) ಬರುತ್ತವೆ. ತೆರೆದು ನೋಡಿದರೆ ಎಲ್ಲದರ ತಲೆಯ ಮೇಲೂ ‘ಸ್ಟೇಷನ್ ಎ, ರಿಲೇ 1’. ಕಾರ್ಖಾನೆಯಲ್ಲಿ ಇಟ್ಟ ಹೆಸರು. ನಾಮಕರಣವನ್ನೇ ಮಾಡದೆ ಮಗುವನ್ನು ಶಾಲೆಗೆ ಕಳಿಸಿದ ಹಾಗೆ. ಆ ಫೈಲು ಯಾವ ಊರಿನದು ಅಂತ ಅಲೆಗಳ ಆಕಾರ ನೋಡಿ ಊಹೆ ಮಾಡುತ್ತಾ ಕೂತ ಮಧ್ಯಾಹ್ನಗಳು ನನಗೆ ನೆನಪಿವೆ.

ತಾರೀಖಿನ ರೂಪವೂ ಹಾಗೇ. ಅಮೆರಿಕದ ರಿಲೇ ತಿಂಗಳನ್ನು ಮೊದಲು ಬರೆಯುತ್ತದೆ, ನಾವು ದಿನವನ್ನು. 07/08 ಅಂದರೆ ಆಗಸ್ಟ್ 7 ಅಂತ ನೀವು ಓದುತ್ತೀರಿ, ರಿಲೇ ಮನಸ್ಸಿನಲ್ಲಿ ಅದು ಜುಲೈ 8. ತಿಂಗಳ 12ನೇ ತಾರೀಖು ದಾಟುವವರೆಗೆ ತಪ್ಪು ಯಾರಿಗೂ ಹೊಳೆಯುವುದಿಲ್ಲ.

ಇನ್ನು ಸಮಯ. ಸಬ್‌ಸ್ಟೇಷನ್ನಿನ ಮಾಳಿಗೆ ಮೇಲೆ ಜಿಪಿಎಸ್ ಆಂಟೆನಾ, ಒಳಗೆ ಒಂದು ಗಡಿಯಾರ, ಅಲ್ಲಿಂದ ಎಲ್ಲ ರಿಲೇಗಳಿಗೂ ಸಮಯ ಹೋಗುತ್ತದೆ. ಗಡಿಯಾರದಲ್ಲಿ ಭಾರತದ ಸಮಯ ಅಂತ ಐದೂವರೆ ಗಂಟೆ ಸೇರಿಸಿರುತ್ತಾರೆ. ಜಾಣರೊಬ್ಬರು ಬಂದು ರಿಲೇಯಲ್ಲೂ ಐದೂವರೆ ಸೇರಿಸುತ್ತಾರೆ. ಆಗ ಏನಾಗುತ್ತದೆ? ಸಂಜೆ 4 ಗಂಟೆ 12 ನಿಮಿಷಕ್ಕೆ ಸಿಡಿಲು ಹೊಡೆದು ಲೈನ್ ಹೋದರೆ, ರಿಲೇ ರಾತ್ರಿ 9 ಗಂಟೆ 42 ನಿಮಿಷ ಅನ್ನುತ್ತದೆ. ಆಚೆ ತುದಿಯ ರಿಲೇ 4.12 ಅನ್ನುತ್ತದೆ. ಒಂದೇ ಫಾಲ್ಟು, ಎರಡು ಜಾತಕ. ನಾನು ನೋಡಿದ ಒಂದು ಕಡೆ ಆಪರೇಟರ್ ಇದಕ್ಕೆ ಒಗ್ಗಿಹೋಗಿದ್ದರು. “ಆ ರಿಲೇ ಟೈಮಲ್ಲಿ ಐದೂವರೆ ಕಳೀಬೇಕು ಸಾರ್, ನಮಗೆಲ್ಲ ಗೊತ್ತು” ಅಂದರು, ಹಳೇ ಸ್ಕೂಟರಿನ ಚೋಕ್ ಎಳೆಯುವ ರೀತಿ ಹೇಳಿಕೊಟ್ಟ ಹಾಗೆ!

ಸಮಯ ಅಂದರೆ ನಮಗೆ ಗಂಟೆ ನಿಮಿಷದ ಮಾತಲ್ಲ. 50 ಹರ್ಟ್ಸಿನಲ್ಲಿ ಒಂದು ಅಲೆ ಅಂದರೆ 20 ಮಿಲಿಸೆಕೆಂಡ್. ಯಾವ ಲೈನ್ ಮೊದಲು ಹೋಯಿತು, ಯಾವುದು ಅದರ ಹಿಂದೆ ಹೋಯಿತು ಅಂತ ತೀರ್ಮಾನ ಮಾಡಬೇಕಾಗುವುದು ಆ ಅಳತೆಯಲ್ಲಿ. 2003ರ ಆಗಸ್ಟ್ 14ರಂದು ಅಮೆರಿಕ, ಕೆನಡಾಗಳಲ್ಲಿ ಸುಮಾರು 5 ಕೋಟಿ ಜನರಿಗೆ ಕರೆಂಟ್ ಹೋಯಿತು. ತನಿಖೆಗೆ ಕೂತವರಿಗೆ ದಾಖಲೆಗಳ ರಾಶಿಯೇ ಸಿಕ್ಕಿತು. ಆದರೆ ಎಷ್ಟೋ ರೆಕಾರ್ಡರ್‌ಗಳ ಗಡಿಯಾರ ಒಂದಕ್ಕೊಂದು ಹೊಂದುತ್ತಿರಲಿಲ್ಲ. ಘಟನೆಗಳನ್ನು ಸರದಿಯಲ್ಲಿ ಜೋಡಿಸುವುದಕ್ಕೇ ಅವರಿಗೆ ತುಂಬಾ ಸಮಯ ಹಿಡಿಯಿತು.

ಆದರೆ ಸೆಟ್ಟಿಂಗ್ ಅಂದ ಕೂಡಲೇ ನನಗೆ ನೆನಪಾಗುವುದು ಅದಕ್ಕಿಂತ ಹಳೇ ಕಥೆ. 1965ರ ನವೆಂಬರ್ 9. ಕೆನಡಾದ ಒಂಟಾರಿಯೋದಲ್ಲಿ, ನಯಾಗರಾ ಹತ್ತಿರ, ಸರ್ ಆಡಂ ಬೆಕ್ ಅನ್ನುವ ಜಲವಿದ್ಯುತ್ ಕೇಂದ್ರ. ಅಲ್ಲಿಂದ ಟೊರಾಂಟೊ ಕಡೆಗೆ 230 ಕೆವಿಯ 5 ಲೈನ್ ಹೋಗುತ್ತಿದ್ದವು. ಅವುಗಳ ಬ್ಯಾಕಪ್ ರಿಲೇಗಳನ್ನು 1963ರಲ್ಲಿ ಸುಮಾರು 375 ಮೆಗಾವಾಟಿಗೆ ಟ್ರಿಪ್ ಆಗುವ ಹಾಗೆ ಸೆಟ್ ಮಾಡಿದ್ದರು. ಆಗ ಅದು ಸರಿಯಾಗಿಯೇ ಇತ್ತು, ಲೋಡ್ ಅಷ್ಟಿರಲಿಲ್ಲ. ಎರಡು ವರ್ಷದಲ್ಲಿ ಲೋಡ್ ಏರುತ್ತಾ ಬಂತು. ಲೈನಿಗೆ ಇನ್ನೂ ಹೊರುವ ಶಕ್ತಿ ಇತ್ತು, ಆದರೆ ರಿಲೇ 1963ರಲ್ಲೇ ನಿಂತಿತ್ತು. ಕಂಟ್ರೋಲ್ ರೂಮಿನವರಿಗೆ ಆ ಮಿತಿ ಗೊತ್ತೇ ಇರಲಿಲ್ಲ. ಸಂಜೆ 5 ಗಂಟೆ 16 ನಿಮಿಷಕ್ಕೆ ಒಂದು ಲೈನಿನ ಲೋಡ್ ಆ ಗೆರೆ ಮುಟ್ಟಿತು. ಫಾಲ್ಟ್ ಇಲ್ಲ, ಮರ ಬಿದ್ದಿಲ್ಲ, ಸಿಡಿಲಿಲ್ಲ. ರಿಲೇ ತನಗೆ ಹೇಳಿದ್ದನ್ನು ಮಾಡಿತು. ಅದರ ಹೊರೆ ಉಳಿದ ನಾಲ್ಕರ ಮೇಲೆ ಬಿತ್ತು, ಅವೂ ಒಂದರ ಹಿಂದೆ ಒಂದು ಹೋದವು. ಟೊರಾಂಟೊಗೆ ಹೋಗಬೇಕಾದ ಕರೆಂಟು ತಿರುಗಿ ನ್ಯೂಯಾರ್ಕ್ ಕಡೆಗೆ ನುಗ್ಗಿತು. ಸುಮಾರು 3 ಕೋಟಿ ಜನ ಕತ್ತಲಲ್ಲಿ ಉಳಿದರು.

ಅಂಥದ್ದೇ ನಮ್ಮಲ್ಲೂ ಆಯಿತು. 2012ರ ಜುಲೈ 30ರ ಬೆಳಗಿನ ಜಾವ ಎರಡೂವರೆ ಹೊತ್ತಿಗೆ ಬೀನಾ–ಗ್ವಾಲಿಯರ್ 400 ಕೆವಿ ಲೈನ್ ಝೋನ್ 3ರಲ್ಲಿ ಟ್ರಿಪ್ ಆಗಿ ಉತ್ತರದ ಗ್ರಿಡ್ ಬಿತ್ತು. ಅಲ್ಲೂ ಫಾಲ್ಟ್ ಇರಲಿಲ್ಲ, ಭಾರಿ ಲೋಡನ್ನೇ ರಿಲೇ ಫಾಲ್ಟ್ ಅಂತ ಓದಿಕೊಂಡಿತು. ಮಾರನೇ ದಿನ ಪೂರ್ವ, ಈಶಾನ್ಯದ ಗ್ರಿಡ್ಡುಗಳೂ ಜೊತೆಗೆ ಬಿದ್ದವು. ರಾಯಚೂರು ಲೈನ್ ಆಗ ಇನ್ನೂ ಬಂದಿರಲಿಲ್ಲ, ನಾವು ಡಿಸಿ ಕೊಂಡಿಯಲ್ಲಿ (ಎರಡು ಕಡೆಯ ತಾಳ ಒಂದಾಗದ ಜೋಡಣೆಯಲ್ಲಿ) ಮಾತ್ರ ಜೋಡಿಸಿಕೊಂಡಿದ್ದೆವು. ಹಾಗಾಗಿ ದಕ್ಷಿಣ ಉಳಿಯಿತು. ಈಗ ಆ ಅಂತರ ಇಲ್ಲ.

ನನ್ನ 80 ಕಿಲೋಮೀಟರೂ ಬೆಕ್ ಕೇಂದ್ರದ 375 ಮೆಗಾವಾಟೂ ಒಂದೇ ಜಾತಿಯವು. ಹಾಕಿದ ದಿನ ಎರಡೂ ಸರಿ. ಹೊರಗೆ ಲೋಕ ಬದಲಾಯಿತು, ರಿಲೇಗೆ ಯಾರೂ ಹೋಗಿ ಹೇಳಲಿಲ್ಲ. ಲಿಲೊ ಆದಾಗ, ಕಂಡಕ್ಟರ್ ಬದಲಿಸಿದಾಗ, ಸಿಟಿ ಬದಲಿಸಿದಾಗ, ಟ್ಯಾಪ್ ಏರಿಸಿದಾಗ ಆರ್‌ಟಿಯವರಿಗೆ (ರಿಲೇ ಟೆಸ್ಟಿಂಗ್ ವಿಭಾಗಕ್ಕೆ) ಒಂದು ಪತ್ರ ಹೋಗಲೇಬೇಕು. ಸಿಟಿ ಕೆಟ್ಟು ರಾತ್ರೋರಾತ್ರಿ ಬೇರೆ ಹಾಕಿದಾಗ ಈ ಪತ್ರ ತಪ್ಪುವುದು ಜಾಸ್ತಿ.

ಇನ್ನೆರಡು ಸಣ್ಣ ಸಾಲುಗಳು. ಒಂದು, ಬೈನರಿ ಇನ್‌ಪುಟ್ಟಿನ (ಹೌದು–ಇಲ್ಲ ಅನ್ನುವ ಸಿಗ್ನಲ್ ರಿಲೇಯೊಳಗೆ ಬರುವ ಜಾಗದ) ವೋಲ್ಟೇಜ್. ಸ್ಟೇಷನ್ ಬ್ಯಾಟರಿ 220 ವೋಲ್ಟ್ ಇದ್ದು, ಇನ್‌ಪುಟ್ ಮಾತ್ರ 110ರ ಸ್ಟೇಷನ್ನಿಗೆ ತಕ್ಕಂತೆ 88 ವೋಲ್ಟಿಗೇ ಎದ್ದೇಳುವ ಹಾಗೆ ಉಳಿದಿದ್ದರೆ, ಮಳೆಗಾಲದಲ್ಲಿ ಆಟ ಶುರು. ಕೇಬಲ್ಲಿನಲ್ಲಿ ನೀರು ಹೋಗಿ ಡಿಸಿ ಅರ್ತ್ ಆದರೆ (ಬ್ಯಾಟರಿಯ ವೈರ್ ನೆಲಕ್ಕೆ ತಾಗಿದರೆ) ಆ ವೈರಿನಲ್ಲಿ ಅರ್ಧ ವೋಲ್ಟೇಜ್, 110 ಬಂದು ನಿಲ್ಲಬಹುದು. ಯಾರೂ ಬಟನ್ ಒತ್ತದೆ ರಿಲೇಗೆ ಸಿಗ್ನಲ್ ಬಂದಂತೆ ಕಾಣುತ್ತದೆ. ಮಿತಿ ಅರ್ಧಕ್ಕಿಂತ ಮೇಲೇ ಇರಬೇಕು. ಎರಡು, ಸೆಟ್ಟಿಂಗ್ ಗ್ರೂಪ್. ಒಂದು ರಿಲೇಯಲ್ಲಿ ನಾಲ್ಕಾರು ಗ್ರೂಪ್ ಇರುತ್ತವೆ, ಕೆಲಸ ಮಾಡುವುದು ಒಂದೇ. ಎಲ್ಲ ಲೆಕ್ಕವನ್ನೂ ಚೆಂದವಾಗಿ ಗ್ರೂಪ್ 2ರಲ್ಲಿ ತುಂಬಿ, ಗ್ರೂಪ್ 1ನ್ನು ಚಾಲೂ ಬಿಟ್ಟು ಮನೆಗೆ ಹೋದವರಿದ್ದಾರೆ. ಅಡುಗೆ ಮಾಡಿ ಖಾಲಿ ಪಾತ್ರೆ ಬಡಿಸಿದ ಹಾಗೆ. ಪಾಸ್‌ವರ್ಡ್ ಕೂಡ ಬದಲಿಸಿ. ಕಾರ್ಖಾನೆಯ ಪಾಸ್‌ವರ್ಡ್ ಮ್ಯಾನುಯಲ್ಲಿನಲ್ಲೇ ಅಚ್ಚಾಗಿರುತ್ತದೆ.

ಕೊನೆಗೆ ಹೇಳುತ್ತೇನೆ ಅಂದಿದ್ದು. ಲೈನ್ ಚಾರ್ಜ್ ಆಗಿ ಲೋಡ್ ಬಂದ ಮೇಲೆ ಟೀ ಕುಡಿಯಲು ಹೋಗಬೇಡಿ, ಹತ್ತು ನಿಮಿಷ ರಿಲೇ ಮುಂದೆ ನಿಲ್ಲಿ. ಮೀಟರ್ ಪರದೆ ತೆರೆಯಿರಿ. ಕರೆಂಟು ಪ್ಯಾನೆಲ್ ಮೀಟರಿಗೆ ಹೊಂದಬೇಕು. ಹೊಂದದಿದ್ದರೆ ರೇಶಿಯೋ ನೋಡಿ. ಆದರೆ ಆ ಪ್ಯಾನೆಲ್ ಮೀಟರಿಗೂ ನೀವೇ ರೇಶಿಯೋ ಹಾಕಿದ್ದರೆ ಅದನ್ನು ನಂಬಬೇಡಿ, ಆಚೆ ತುದಿಯವರನ್ನು ಕೇಳಿ. ವೋಲ್ಟೇಜ್ 220ರ ಆಸುಪಾಸು ಇರಬೇಕು. ನೆಗೆಟಿವ್ ಸೀಕ್ವೆನ್ಸ್ ಸೊನ್ನೆಯ ಹತ್ತಿರ ಇರಬೇಕು. ಆಮೇಲೆ ಆಚೆ ತುದಿಗೆ ಫೋನ್ ಹಚ್ಚಿ, “ನಿಮ್ಮಲ್ಲಿ ಎಷ್ಟು ಮೆಗಾವಾಟ್ ತೋರಿಸ್ತಿದೆ?” ಅಂತ ಕೇಳಿ. ಅವರಲ್ಲಿ ಮೈನಸ್ 62 ಇದ್ದರೆ ನಿಮ್ಮಲ್ಲಿ ಪ್ಲಸ್ 62ರ ಹತ್ತಿರ ಇರಬೇಕು. ಎರಡೂ ಕಡೆ ಪ್ಲಸ್ ಬಂದರೆ ಒಬ್ಬರ ಕಾವಲುಗಾರ ಬೆನ್ನು ತಿರುಗಿಸಿ ನಿಂತಿದ್ದಾನೆ. ಯಾರದು ಅಂತ ನಿಮ್ಮ ಬಸ್ಸಿನ ಉಳಿದ ಲೈನುಗಳ ಲೆಕ್ಕ ಕೂಡಿ ನೋಡಿದರೆ ಸಿಗುತ್ತದೆ. ಫೋನ್ ಇಡುವ ಮೊದಲು ಇನ್ನೊಂದು ಕೇಳಿ: “ನಿಮ್ಮ ರಿಲೇಲಿ ಈಗ ಟೈಮ್ ಎಷ್ಟು?” ಅವರು ಓದಿ ಹೇಳಲಿ, ನೀವು ನಿಮ್ಮದನ್ನು ನೋಡಿ. ಆಮೇಲೆ ರಿಲೇಯೊಳಗಿನ ಸೆಟ್ಟಿಂಗನ್ನೇ ಲ್ಯಾಪ್‌ಟಾಪಿಗೆ ಇಳಿಸಿಕೊಂಡು, ಮೊದಲ ಪುಟದಿಂದ ಹಾಳೆಯ ಜೊತೆ ಸಾಲು ಸಾಲಾಗಿ ಕೈಬೆರಳಿಟ್ಟು ಹೋಲಿಸಿ, ಕಿಟ್ಟನ್ನು ಜೀಪಿಗೆ ಹಾಕಿ.